ಡಿಗ್ರಿ ದಾಖಲೆ ಈಗ ಮೊಬೈಲ್‌ನಲ್ಲಿ: ಹೆಸರು, ನಂಬರ್ ಸರಿ ಇದೆಯಾ ನೋಡಿಕೊಂಡಿದ್ದೀರಾ?

ದಾಂಡೇಲಿ: ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದರೂ ಧಾರವಾಡದ ಬಸ್ ಹತ್ತಬೇಕು ಅನ್ನೋದು ನಮ್ಮ ಭಾಗದ ಡಿಗ್ರಿ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ಹಳಿಯಾಳದಿಂದ ಸುಮಾರು 35 ಕಿ.ಮೀ., ದಾಂಡೇಲಿಯಿಂದ ಸುಮಾರು 55. ಜೋಯಿಡಾದ ಒಳಗಿನ ಹಳ್ಳಿಗಳವರಿಗೆ ಇಡೀ ದಿನವೇ ಹೋಗುತ್ತದೆ. ಈ ಓಡಾಟ ಕಡಿಮೆ ಆಗಬೇಕಾದರೆ ವಿಶ್ವವಿದ್ಯಾಲಯದ ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿ ಕೂಡಬೇಕು. ಆ ಕೆಲಸ ಎಲ್ಲಿಗೆ ಬಂದಿದೆ, ಅದರಲ್ಲಿ ನಮ್ಮ ಪಾಲಿನ ಕೆಲಸ ಏನು? ಇಲ್ಲಿದೆ ವಿವರ.

ಏನೇನು ಬದಲಾಗಿದೆ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಡಿಗ್ರಿ ಕಾಲೇಜುಗಳು 1949ರಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮೊದಲು ಪ್ರತಿ ವಿವಿಯೂ ತನ್ನದೇ ಸಾಫ್ಟ್‌ವೇರ್ ಇಟ್ಟುಕೊಂಡಿತ್ತು. 2021-22ರಿಂದ ರಾಜ್ಯ ಸರ್ಕಾರ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆ ತಂದಿತು. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಅದರಲ್ಲೇ.

ಇದರ ಜೊತೆಗೆ ಕೇಂದ್ರದ ಎರಡು ವ್ಯವಸ್ಥೆಗಳಿವೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇಡಲು ಡಿಜಿಲಾಕರ್. ಪಾಸಾದ ವಿಷಯಗಳ ಕ್ರೆಡಿಟ್ ಜಮೆ ಆಗಲು 2021ರಲ್ಲಿ ಶುರುವಾದ ಎಬಿಸಿ, ಅಂದರೆ ಕ್ರೆಡಿಟ್‌ಗಳ ಬ್ಯಾಂಕ್. ಇದಕ್ಕೆ ಬೇಕಾದ 12 ಅಂಕಿಯ ಐಡಿಗೆ ಈಗ 'ಅಪಾರ್' ಅಂತ ಹೆಸರು. ಹಳಿಯಾಳದ ವಿಡಿಐಟಿ ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ ಸೇರಿದ್ದು. ಆದರೆ ಡಿಜಿಲಾಕರ್, ಎಬಿಸಿ ಅಲ್ಲಿಯೂ ಇವೇ.

2024ರಲ್ಲಿ ಯುಜಿಸಿ, ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ದೀರ್ಘಾವಧಿ ಅಭಿವೃದ್ಧಿ ಯೋಜನೆ ಮಾಡಿಕೊಳ್ಳಲು ಮಾರ್ಗಸೂಚಿ ಕೊಟ್ಟಿದೆ. ಡಿಜಿಟಲ್ ವ್ಯವಸ್ಥೆ ಅದರಲ್ಲಿ ಒಂದು ಭಾಗ.

ಹೆಸರಿನ ತಕರಾರು

ಹೆಚ್ಚಿನ ತೊಂದರೆ ಬರೋದು ಇಲ್ಲೇ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಎಸ್ಎಸ್ಎಲ್‌ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್. ನಮ್ಮ ತಾಲೂಕುಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲ ಮನೆಮಾತೂ ಇವೆ. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದು ಕಚೇರಿ ಒಂದೊಂದು ಥರ ಬರೆದಿರುತ್ತದೆ. ಗುಮಾಸ್ತರು ಕಣ್ಣಲ್ಲಿ ನೋಡಿ 'ಇಬ್ಬರೂ ಒಬ್ಬರೇ' ಅಂತ ಬಿಡುತ್ತಿದ್ದರು. ಕಂಪ್ಯೂಟರ್ ಬಿಡಲ್ಲ. ಹೆಸರು, ಜನ್ಮದಿನಾಂಕ ತಾಳೆಯಾಗದಿದ್ದರೆ ಅಂಕಪಟ್ಟಿ ನಿಮ್ಮ ಖಾತೆಗೆ ಬರದೇ ನಿಲ್ಲಬಹುದು. ಕೆಲಸದ ಸಂದರ್ಶನದ ಹಿಂದಿನ ದಿನ ಇದು ಗೊತ್ತಾದರೆ ಏನೂ ಮಾಡಲಾಗದು. ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಂಡರೆ ಕಾಲೇಜು ಕಚೇರಿಯಲ್ಲಿ ಅರ್ಜಿ ಕೊಡಲು ಸಮಯ ಇರುತ್ತದೆ.

ಝೆರಾಕ್ಸ್, ಸೈಬರ್ ಅಂಗಡಿಯವರಿಗೆ

ನೆಟ್‌ವರ್ಕ್ ಸಿಗದ ಹಳ್ಳಿಗಳ ಮಕ್ಕಳು ಅರ್ಜಿ ತುಂಬಲು ಬರೋದು ಪೇಟೆಯ ನಿಮ್ಮ ಅಂಗಡಿಗೇ. ಅವಸರದಲ್ಲಿ ಓಟಿಪಿ ಬರಲಿ ಅಂತ ಅಂಗಡಿಯ ಮೊಬೈಲ್ ನಂಬರ್, ಇಮೇಲ್ ಹಾಕಬೇಡಿ. ಆಮೇಲೆ ಪಾಸ್‌ವರ್ಡ್ ಮರೆತರೆ ಆ ವಿದ್ಯಾರ್ಥಿಯ ಖಾತೆಯ ಬೀಗದಕೈ ನಿಮ್ಮ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇದ್ದಂತೆ. ನೀವು ಸಿಮ್ ಬದಲಿಸಿದರೆ ಅವರಿಗೆ ದಾರಿಯೇ ಇಲ್ಲ.

ಆಧಾರ್, ಅಂಕಪಟ್ಟಿಯ ಸ್ಕ್ಯಾನ್ ಪ್ರತಿಗಳನ್ನು ಕೆಲಸ ಮುಗಿದ ಕೂಡಲೇ ಅಳಿಸಿ, ಲಾಗೌಟ್ ಮಾಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ, 2025ರ ನವೆಂಬರಿನಲ್ಲಿ ನಿಯಮಗಳೂ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ತಮ್ಮ ಮಾಹಿತಿ ತಿದ್ದಿಸುವ ಹಕ್ಕನ್ನು ಈ ಕಾಯ್ದೆ ಜನರಿಗೆ ಕೊಡುತ್ತದೆ.

ವಿವಿ ಮಾಡಬೇಕಾದ್ದು

ಹೊಸ ವಿದ್ಯಾರ್ಥಿಗಳ ದಾಖಲೆ ಆನ್‌ಲೈನ್ ಆದರೆ ಸಾಲದು. ಹತ್ತಿಪ್ಪತ್ತು ವರ್ಷದ ಹಿಂದೆ ಪಾಸಾದವರ ದಾಖಲೆ ಡಿಜಿಲಾಕರ್‌ನಲ್ಲಿ ಕಾಣಬೇಕಾದರೆ ವಿವಿ ತಾನೇ ಅದನ್ನು ಏರಿಸಬೇಕು. ಇನ್ನೊಂದು ಮಾತು: ಇದೇ ಧಾರವಾಡ ವಿವಿಯಿಂದ ಹಾವೇರಿ ವಿಶ್ವವಿದ್ಯಾಲಯ 2023ರಲ್ಲಿ ಬೇರೆಯಾಯಿತು, 2025ರಲ್ಲಿ ಅದನ್ನು ಮುಚ್ಚುವ ಮಾತೂ ಬಂತು. ನಾಲ್ಕು ವರ್ಷದ ಡಿಗ್ರಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಸರ್ಕಾರ, ಸಾಫ್ಟ್‌ವೇರ್, ವಿವಿ ಬದಲಾಗುತ್ತಲೇ ಇರುತ್ತವೆ. ವಿದ್ಯಾರ್ಥಿಯ ದಾಖಲೆ ಮಾತ್ರ ನಲವತ್ತು ವರ್ಷ ಬಾಳಬೇಕು. ತಪ್ಪು ತಿದ್ದುವುದು ಯಾರು, ಎಷ್ಟು ದಿನದಲ್ಲಿ ಅನ್ನುವುದಕ್ಕೆ ತಾಲೂಕಿನ ಕಾಲೇಜಿನಲ್ಲೇ ಉತ್ತರ ಸಿಗುವಂತಾದರೆ ಆಗ ಯೋಜನೆ ಗೆದ್ದಂತೆ. ಆನ್‌ಲೈನ್ ಆದಮೇಲೂ ಸಹಿಗಾಗಿ ಧಾರವಾಡಕ್ಕೇ ಹೋಗಬೇಕಾದರೆ ಬಸ್ ಖರ್ಚಿನ ಮೇಲೆ ಸೈಬರ್ ಖರ್ಚೂ ಸೇರಿತು, ಅಷ್ಟೇ.

ಈ ವಾರವೇ ಮಾಡಿ

- ಆಧಾರ್, ಎಸ್ಎಸ್ಎಲ್‌ಸಿ, ಯುಯುಸಿಎಂಎಸ್: ಮೂರರಲ್ಲೂ ಹೆಸರು, ಜನ್ಮದಿನಾಂಕ ಒಂದೇ ಇದೆಯಾ ನೋಡಿ.
- ಖಾತೆಗೆ ನಿಮ್ಮದೇ ಅಥವಾ ಮನೆಯವರ ಮೊಬೈಲ್ ನಂಬರ್ ಇರಲಿ.
- ಡಿಜಿಲಾಕರ್‌ನಲ್ಲಿ ವಿವಿಯೇ ಕೊಟ್ಟ ಪತ್ರಕ್ಕೆ 2017ರ ನಿಯಮದಂತೆ ಮೂಲ ಪ್ರತಿಯ ಬೆಲೆ ಇದೆ. ನೀವೇ ಫೋಟೋ ತೆಗೆದು ಹಾಕಿದ್ದಕ್ಕೆ ಆ ಬೆಲೆ ಇಲ್ಲ.
- ತಿದ್ದುಪಡಿ ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆದುಕೊಳ್ಳಿ. ಕಾಗದದ ಅಂಕಪಟ್ಟಿ ಇದ್ದರೆ ಜೋಪಾನವಾಗಿಡಿ.