ಬೀಸುವ ಪದಕ್ಕೆ ಯಾವ ಸಾಫ್ಟ್‌ವೇರ್?

ಹುನಗುಂದದ ನಮ್ಮ ದೊಡ್ಡವ್ವನ ಬೀಸುವ ಪದ ರೆಕಾರ್ಡ್ ಮಾಡಲು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ನಿಮಿಷಕ್ಕೆ ಎಷ್ಟು ಬೀಟ್ ಎಂದು ಸಾಫ್ಟ್‌ವೇರ್ ಕೇಳಿತು. 90 ಎಂದು ಹಾಕಿದೆ. ಕಿವಿಯಲ್ಲಿ ಟಿಕ್‌ಟಿಕ್ ಶುರುವಾದದ್ದೇ ದೊಡ್ಡವ್ವ ಹೆಡ್‌ಫೋನ್ ತೆಗೆದಿಟ್ಟಳು. “ಇದು ಹಿಂಗ ಬಡಕೊಂತ ಇದ್ರ ನಾ ಹೆಂಗ ಹಾಡ್ಲಿ ತಮ್ಮಾ?” ಬೀಸುವಾಗ ಲಯ ಇರುವುದು ಗೂಟ ಹಿಡಿದ ಕೈಯಲ್ಲಿ. ಕಾಳು ಹಾಕುವಾಗ ತುಸು ನಿಧಾನ, ಕಲ್ಲು ತಿರುವು ಹಿಡಿದ ಮೇಲೆ ಚುರುಕು.

ಯಾವ ಸಾಫ್ಟ್‌ವೇರ್ ಛಲೋ ಎಂದು ಬಾಗಲಕೋಟೆಯ ಹುಡುಗರು ಕೇಳಿದಾಗೆಲ್ಲ, ಹಾಡುವುದೇನು ಎಂದು ನಾನು ತಿರುಗಿ ಕೇಳುತ್ತೇನೆ. ಟ್ರ್ಯಾಕ್ಟರಿಗೆ ಕಟ್ಟಿದ ಸೌಂಡ್ ಬಾಕ್ಸಿನಲ್ಲಿ ಎದೆ ನಡುಗಿಸುವ ಜಾನಪದ ಡಿಜೆ ಹಾಡಾದರೆ ಎಫ್‌ಎಲ್ ಸ್ಟುಡಿಯೊ. 1997ರ ಕೊನೆಗೆ ಫ್ರೂಟಿಲೂಪ್ಸ್ ಹೆಸರಿನಲ್ಲಿ ಬಂದ ಅದು ಬೀಟ್ ಕಟ್ಟಲೆಂದೇ ಹುಟ್ಟಿದ್ದು. ಟ್ರಯಲ್ ಪ್ರತಿಯಲ್ಲಿ ಸೇವ್ ಮಾಡಿದ ಕೆಲಸವನ್ನು ಮಾತ್ರ ಕೊಳ್ಳುವ ತನಕ ಮತ್ತೆ ತೆರೆಯಲು ಬರುವುದಿಲ್ಲ.

ಗೋಂಧಳಿ ಪದದ ದಾರಿ ಬೇರೆ. ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ ಆ ಪರಂಪರೆಯಲ್ಲಿ ಕಥೆ, ಮಾತು, ಹಾಡು ಒಂದರೊಳಗೊಂದು ಬೆರೆತಿರುತ್ತವೆ. ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕಗಳಲ್ಲೂ ನಟನ ಉಸಿರಿಗಾಗಿ ಪೇಟಿ ಕಾಯುತ್ತದೆ. ಇಂಥ ಹಾಡಿಗೆ ನಾನು ಹೇಳುವುದು ರೀಪರ್. 2006ರಲ್ಲಿ ಬಂದದ್ದು, 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಗೆ 60 ಡಾಲರ್. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಟಿಕ್‌ಟಿಕ್ ನಿಲ್ಲಿಸಿ ಎಷ್ಟು ಟ್ರ್ಯಾಕ್ ಬೇಕಾದರೂ ಹಿಡಿಯಬಹುದು. ಒಂದೇ ದನಿಗಾದರೆ ಬಿಟ್ಟಿ ಸಿಗುವ ಆಡಾಸಿಟಿ ಸಾಕು.

ಯಾವುದನ್ನೇ ಹಾಕಿಕೊಳ್ಳಿ, ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ಅಳತೆ, ನೋಡಿಕೊಳ್ಳಿ. ದನಿಯನ್ನು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಂತೆ ಹಿಡಿಯುವಾಗ ಬಫರ್ 1,024 ಇದ್ದರೆ ಅಲ್ಲೇ 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಸುಮಾರು 3. ಹೋಗಿ ಬರುವಷ್ಟರಲ್ಲಿ ಅದು ಇಮ್ಮಡಿ. ತಮ್ಮ ದನಿಯೇ ತಡವಾಗಿ ಕಿವಿಗೆ ಬಿದ್ದರೆ ಎಂಥ ಹಾಡುಗಾರರೂ ಹಿಂದೆ ಬೀಳುತ್ತಾರೆ. ತಾಳ ಬಾರದು ಎಂದು ಅವರನ್ನು ಬೈಯುವುದನ್ನು ನೋಡಿ ನನಗೆ ಸಂಕಟವಾಗಿದೆ. ಹಾಡುವಾಗ ಬಫರ್ ಇಳಿಸಿ, ಮಿಕ್ಸಿಂಗ್ ವೇಳೆ ಏರಿಸಿ. ಸ್ವರ ತಿದ್ದುವ ಪ್ಲಗಿನ್ ಅನ್ನಂತೂ ಈ ಪದಗಳಿಂದ ದೂರವಿಡಿ. ಪಿಯಾನೊದ 12 ಮನೆಗಳ ಲೆಕ್ಕಕ್ಕೆ ಅದು ದನಿಯನ್ನು ಎಳೆದು ಕೂರಿಸಿದರೆ ಎರಡು ಸ್ವರಗಳ ನಡುವಿನ ಜಾರು ಸತ್ತೇಹೋಗುತ್ತದೆ.

ಕೋಣೆಯದೂ ಒಂದು ಮಾತು. ಇಳಕಲ್ಲಿನ ಗೆಳೆಯರೊಬ್ಬರ ಮನೆಯಲ್ಲಿ ರಾತ್ರಿ, ಓಣಿಯ ಮಗ್ಗಗಳೆಲ್ಲ ನಿಂತ ಮೇಲೆ, ಹಗ್ಗ ಕಟ್ಟಿ ನಾಲ್ಕು ಕೌದಿ ಇಳಿಬಿಟ್ಟೆವು. ಗೋಡೆಗೆ ಬಡಿದು ಬರುತ್ತಿದ್ದ ಮಾರ್ದನಿ ಅಡಗಿ ಚೌಡಕಿಯ ತಂತಿ ಬಿಡಿಯಾಗಿ ಕೇಳಿತು.

ಅದೇ ಕೌದಿಗಳನ್ನು ಹುನಗುಂದಕ್ಕೂ ಒಯ್ದೆ. ಈ ಸಲ ಹೆಡ್‌ಫೋನ್ ಇಲ್ಲ, ಟಿಕ್‌ಟಿಕ್ ಇಲ್ಲ. ಒಂದು ಮೈಕು ದೊಡ್ಡವ್ವನ ಬಾಯಿಯತ್ತ, ಇನ್ನೊಂದು ಕಲ್ಲಿನತ್ತ. ಜೋಳ ಮುಗಿದು ಕಲ್ಲು ನಿಂತಿತು. ಆಕೆ ಸೆರಗಿನಿಂದ ಹಿಟ್ಟು ಒರೆಸಿಕೊಳ್ಳುತ್ತ ಇನ್ನೂ ಒಂದು ನುಡಿ ಮೆಲ್ಲಗೆ ಹಾಡಿಕೊಂಡಳು. ನಾನು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ.