ಅರಬ್ಬೀ ಗಾಯನಕ್ಕೆ ಗಿಟಾರಿನ ಒಗ್ಗರಣೆ

ಹೊಸ ಸೊಸೆ ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಏನೇನಾಗುತ್ತದೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಅತ್ತೆಯ ಸಾರಿನ ಹದ ಒಂದು, ಸೊಸೆಯ ಕೈರುಚಿ ಇನ್ನೊಂದು. ಹೊಂದಿಕೊಂಡರೆ ಮನೆಮಂದಿಗೆಲ್ಲ ಹಬ್ಬ, ಇಲ್ಲದಿದ್ದರೆ ಉಣ್ಣುವವರ ಪಾಡು ದೇವರಿಗೇ ಪ್ರೀತಿ! ಸಂಗೀತದಲ್ಲೂ ಹೀಗೇ ನೋಡಿ. ಹಳೆಯ ಸಂಪ್ರದಾಯದ ಹಾಡಿಗೆ ಪರದೇಶದ ವಾದ್ಯ ಬಂದು ಸೇರಿದರೆ ರುಚಿ ಹೆಚ್ಚುತ್ತದೆಯೋ, ಕೆಡುತ್ತದೆಯೋ ಎಂಬ ಆತಂಕ ಇದ್ದೇ ಇರುತ್ತದೆ. ಈಜಿಪ್ಟಿನ ರಾಜಧಾನಿ ಕೈರೋದಲ್ಲಿ 1964ರ ಫೆಬ್ರವರಿಯ ಒಂದು ಗುರುವಾರ ರಾತ್ರಿ ನಡೆದ ಕಚೇರಿ ಇಂಥದೇ ಒಂದು ಪರೀಕ್ಷೆಯಾಗಿತ್ತು. ಅಂದು ಹಾಡಿದಾಕೆ ಉಮ್ ಕುಲ್ಸುಮ್.

ಹಳ್ಳಿಯಿಂದ ರೇಡಿಯೋಗೆ

ಈಕೆ ಹುಟ್ಟಿದ್ದು ನೈಲ್ ನದಿ ಸಮುದ್ರ ಸೇರುವ ಬಯಲಿನ ಒಂದು ಬಡ ಹಳ್ಳಿಯಲ್ಲಿ. ತಂದೆ ಮಸೀದಿಯ ಇಮಾಮರು. ಮದುವೆ, ಹಬ್ಬಗಳಲ್ಲಿ ಭಕ್ತಿಗೀತೆ ಹಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಅವರು ಪಾಠ ಹೇಳಿಕೊಡುತ್ತಿದ್ದುದು ಮಗನಿಗೆ, ಮಗಳು ಪಕ್ಕದಲ್ಲಿ ಕೇಳಿ ಕೇಳಿಯೇ ಕಲಿತಳು. ಹೆಣ್ಣುಮಗು ಹತ್ತು ಜನರೆದುರು ಹಾಡುವುದು ಶೋಭೆಯಲ್ಲ ಎಂದು ತಂದೆ ಆಕೆಗೆ ಹುಡುಗನ ಉಡುಪು ತೊಡಿಸಿ ಕರೆದೊಯ್ಯುತ್ತಿದ್ದರಂತೆ!

ಮುಂದೆ 1934ರಲ್ಲಿ ಕೈರೋ ಸರ್ಕಾರಿ ಬಾನುಲಿ ಆರಂಭವಾದ ದಿನವೇ ಈಕೆಯ ಹಾಡು ಕೇಳಿಬಂತು. ಆಮೇಲೆ ಪ್ರತಿ ತಿಂಗಳ ಮೊದಲ ಗುರುವಾರ ಅವರ ಕಚೇರಿಯ ನೇರ ಪ್ರಸಾರ. ಅರಬ್ ದೇಶಗಳ ಜನ ಆ ರಾತ್ರಿ ಬೇರೆ ಕೆಲಸ ಇಟ್ಟುಕೊಳ್ಳದೆ ರೇಡಿಯೋ ಮುಂದೆ ಕೂರುತ್ತಿದ್ದರು. ಒಂದೇ ಹಾಡು ಒಂದು ಗಂಟೆಯ ಕಾಲ! ಅಷ್ಟು ಹೊತ್ತು ಏನು ಹಾಡುತ್ತಾರೆ ಅಂತೀರಾ? ನಮ್ಮ ವಿದ್ವಾಂಸರು ನೆರವಲ್ ಮಾಡುವ ಹಾಗೆ, ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸಿ ತಿರುಗಿಸಿ ಹಾಡುವುದು. ಸಭಿಕರು ಮೈಮರೆತು ಕೂಗಿ ಮತ್ತೊಮ್ಮೆ ಹಾಡಿಸುವುದು. ಹೀಗೆ ಹಾಡುವವರೂ ಕೇಳುವವರೂ ಒಂದಾಗಿ ಪರವಶರಾಗುವುದಕ್ಕೆ ಅರಬ್ಬಿಯಲ್ಲಿ ‘ತರಬ್’ ಎಂದು ಹೆಸರು.

ಮನೆಯ ವಾದ್ಯ, ಹೊರಗಿನ ವಾದ್ಯ

ಅರಬ್ಬೀ ಮೇಳದ ಹಳೆಯ ವಾದ್ಯಗಳ ಪರಿಚಯ ಮಾಡಿಕೊಳ್ಳೋಣ. ಮೊದಲನೆಯದು ಊದ್. ಹೆಸರು ಕೇಳಿ ಊದುವ ವಾದ್ಯ ಎಂದುಕೊಳ್ಳಬೇಡಿ, ಇದು ಬೆರಳಲ್ಲಿ ಹಿಡಿದ ಕಡ್ಡಿಯಿಂದ ಮೀಟುವ ತಂತಿವಾದ್ಯ. ಊದ್ ಎಂದರೆ ಮರ, ಕಟ್ಟಿಗೆ. ನಾವು ದೇವರ ಮುಂದೆ ಹಚ್ಚುವ ಊದಿನಕಡ್ಡಿಯ ‘ಊದು’ ಕೂಡ ಇದೇ ಮಾತು! ಇನ್ನೊಂದು ಕಾನೂನ್. ಹೌದು, ಕೋರ್ಟು ಕಚೇರಿಯ ಕಾನೂನು ಎಂಬ ಮಾತೂ ಇದೇ ಮೂಲದ್ದು. ತೊಡೆಯ ಮೇಲಿಟ್ಟು ನುಡಿಸುವ, ಎಪ್ಪತ್ತಕ್ಕೂ ಹೆಚ್ಚು ತಂತಿಗಳ ಹಲಗೆ ವಾದ್ಯ ಅದು. ಜೊತೆಗೆ ನಾಯ್ ಎಂಬ ಕೊಳಲು, ನಮ್ಮ ಖಂಜಿರದಂಥ ರಿಕ್. ಯೂರೋಪಿನ ಪಿಟೀಲು ನಮ್ಮ ಕಚೇರಿಗೆ ಬಂದು ನಮ್ಮದೇ ಆದ ಹಾಗೆ ಅಲ್ಲಿಗೂ ಹೋಗಿ ಅವರದೇ ಆಗಿಬಿಟ್ಟಿತ್ತು.

ಆದರೆ ವಿದ್ಯುತ್ ಗಿಟಾರ್? ಅದು ಬೇರೆ ಮಾತು. ನಮ್ಮಲ್ಲಿ ರಾಗ ಇದ್ದಂತೆ ಅವರಲ್ಲಿ ಮಕಾಮ್ ಎಂಬ ಪದ್ಧತಿಯಿದೆ. ಹಲವು ಮಕಾಮ್‌ಗಳಲ್ಲಿ ಎರಡು ಸ್ವರಗಳ ನಡುವೆ ನುಸುಳುವ ಸೂಕ್ಷ್ಮ ಸ್ವರಗಳಿವೆ. ಊದ್ ಮತ್ತು ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಗಿಟಾರಿಗೆ ವೀಣೆಯ ಹಾಗೆ ಮೆಟ್ಟಿಲುಗಳಿವೆ. ಆ ಸೂಕ್ಷ್ಮ ಸ್ವರಗಳು ಅಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆ ಗುರುವಾರ ರಾತ್ರಿ

ಗಿಟಾರನ್ನು ತಂದವರು ಸಂಗೀತ ನಿರ್ದೇಶಕ ಮೊಹಮ್ಮದ್ ಅಬ್ದುಲ್ ವಹಾಬ್. ಪಾಶ್ಚಾತ್ಯ ವಾದ್ಯ, ಟ್ಯಾಂಗೋ, ರುಂಬಾ ತಾಳಗಳನ್ನು ಅರಬ್ಬೀ ಹಾಡಿಗೆ ಬೆರೆಸುವುದರಲ್ಲಿ ನಿಸ್ಸೀಮರು. ಅವರೂ ಉಮ್ ಕುಲ್ಸುಮ್ ಅವರೂ ದಶಕಗಳಿಂದ ಪ್ರತಿಸ್ಪರ್ಧಿಗಳು, ಒಟ್ಟಿಗೆ ಕೆಲಸ ಮಾಡಿದವರೇ ಅಲ್ಲ. ಅಧ್ಯಕ್ಷ ನಾಸರ್ ಅವರೇ ಇಬ್ಬರನ್ನೂ ಕೂಡಿಸಿದರು ಎನ್ನುತ್ತಾರೆ. ಆಗ ಹುಟ್ಟಿದ ಹಾಡು ‘ಇಂತಾ ಉಮ್ರಿ’, ಅಂದರೆ ‘ನೀನೇ ನನ್ನ ಬಾಳು’.

ಗಾಯಕಿಗೆ ಆಗ ಅರವತ್ತರ ಆಸುಪಾಸು. ಇದ್ದ ಕೀರ್ತಿಯನ್ನು ಕಾಪಾಡಿಕೊಂಡು ಸುಮ್ಮನಿರಬಹುದಿತ್ತು. ಸಂಪ್ರದಾಯ ಕೆಟ್ಟಿತು ಎಂದು ಜನ ತಿರುಗಿಬಿದ್ದಿದ್ದರೆ ನಷ್ಟ ಅವರದೇ. ಆದರೂ ಒಪ್ಪಿದರು.

ಅಬ್ದುಲ್ ವಹಾಬರ ಜಾಣತನವನ್ನೂ ಗಮನಿಸಿ. ಹಾಡಿನ ಮುಖ್ಯ ಮಕಾಮ್ ಆಗಿ ಅವರು ಬಳಸಿದ್ದು ‘ಕುರ್ದ್’. ಅದರಲ್ಲಿ ಆ ಸೂಕ್ಷ್ಮ ಸ್ವರಗಳ ಕಾಟವಿಲ್ಲ. ಸ್ವರಗಳ ಲೆಕ್ಕದಲ್ಲಿ ನಮ್ಮ ಹನುಮತೋಡಿಯದೇ ಮೆಟ್ಟಿಲುಗಳು ಎನ್ನಬಹುದು. ಗಿಟಾರ್ ತಪ್ಪಿಲ್ಲದೆ ನಡೆದಾಡಲು ದಾರಿಯಾಯಿತು. ಅದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದು ಹಾಡಿಗೆ ಮುಂಚಿನ ದೀರ್ಘ ವಾದ್ಯಸಂಗೀತದಲ್ಲಿ. ಗಾಯಕಿ ಬಾಯಿ ತೆರೆದರೋ, ಆಮೇಲೆ ಮೇಳವೆಲ್ಲ ಆಕೆಯ ಕಂಠಕ್ಕೆ ಬೆಂಬಲ. ಒಗ್ಗರಣೆ ಸಾರಿನ ರುಚಿ ಹೆಚ್ಚಿಸಬೇಕೇ ಹೊರತು ಸಾರನ್ನೇ ನುಂಗಬಾರದು, ಅಲ್ಲವೇ?

ಜನ ಕುಣಿದಾಡಿದರು. ಮೋಡಕ್ಕೆ ಮೋಡ ಸೇರಿತು ಎಂದು ಈ ಜೋಡಿಯನ್ನು ಕೊಂಡಾಡಿದರು. ಮುಂದೆ ಆಕೆ ಅಬ್ದುಲ್ ವಹಾಬರ ಇನ್ನೂ ಒಂಬತ್ತು ಹಾಡು ಹಾಡಿದರು. 1975ರಲ್ಲಿ ಆಕೆ ತೀರಿಕೊಂಡಾಗ ಕೈರೋದ ಬೀದಿಗಳಲ್ಲಿ ಜನಸಾಗರವೇ ಹರಿಯಿತು.

ನಮ್ಮ ದೇಶದೊಂದಿಗೂ ನಂಟು

ಬೆರಕೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ಯಾಲೆಸ್ಟೀನ್ ಮೂಲದ ಊದ್ ವಾದಕ ಸೈಮನ್ ಶಾಹೀನ್ ತಮ್ಮ ‘ಕಂತರಾ’ ತಂಡದಲ್ಲಿ ಅರಬ್ಬೀ ಸಂಗೀತಕ್ಕೆ ಜಾಝ್ ಮತ್ತು ಲ್ಯಾಟಿನ್ ಅಮೆರಿಕದ ಸಂಗೀತವನ್ನು ಬೆಸೆದರು. 1996ರಲ್ಲಿ ಅವರ ಊದ್ ಜೊತೆ ಕೂಡಿ ನುಡಿದದ್ದು ನಮ್ಮ ಜೈಪುರದ ವಿಶ್ವಮೋಹನ ಭಟ್ಟರ ಮೋಹನ ವೀಣೆ. ಆ ಮುದ್ರಿಕೆಯ ಹೆಸರು ‘ಸಲ್ತಾನಾ’. ಮೋಹನ ವೀಣೆ ಎಂದರೆ ಮತ್ತೇನಲ್ಲ, ಹೆಚ್ಚಿನ ತಂತಿ ಕಟ್ಟಿ ನಮ್ಮ ರಾಗಗಳಿಗೆ ಒಗ್ಗಿಸಿಕೊಂಡ ಗಿಟಾರ್!

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮಕ್ಕಳ ಕೈಲಿ ಮೊಬೈಲಿನಲ್ಲಿ ‘ಇಂತಾ ಉಮ್ರಿ’ ಹುಡುಕಿಸಿ ಕೇಳಿ. ಮೊದಲ ಹತ್ತು ನಿಮಿಷ ಹಾಡು ಶುರುವಾಗಲಿಲ್ಲವೆಂದು ಬೇಸರಿಸಬೇಡಿ. ಗಿಟಾರಿನ ದನಿಯನ್ನು ಗುರುತಿಸಲು ನೋಡಿ. ಆಮೇಲೆ ಒಂದೇ ಸಾಲು ಹೇಗೆ ಬಣ್ಣ ಬದಲಿಸುತ್ತದೆ ಎಂದು ಕಿವಿಗೊಡಿ. ಭಾಷೆ ತಿಳಿಯದಿದ್ದರೂ ತಲೆ ತಾನಾಗಿ ತೂಗುತ್ತದೆ. ಬೇರು ಗಟ್ಟಿಯಾಗಿದ್ದವರು ಹೊಸದನ್ನು ಕಂಡು ಬಾಗಿಲು ಹಾಕಬೇಕಾಗಿಲ್ಲ ಎಂಬುದು ಆಗ ನಿಮಗೇ ತಿಳಿಯುತ್ತದೆ.