ಮದುವೆ ಬಾಲಿಯಲ್ಲಿ, ಪರೀಕ್ಷೆ ಮಾರ್ಚ್‌ನಲ್ಲಿ

ದಸರಾ ರಜೆಗೆ ಬಂದ ಅತ್ತೆ ಸಿಹಿಸುದ್ದಿ ತಂದರು. ಮಗಳ ಮದುವೆ ಗೊತ್ತಾಗಿದೆ. ಫೆಬ್ರವರಿ ಕೊನೆಯ ವಾರ ಮುಹೂರ್ತ. ಎಲ್ಲರೂ ಸಂತೋಷಪಟ್ಟರು. ‘ಛತ್ರ ಯಾವುದೇ?’ ಎಂದು ಅಜ್ಜಿ ಮಗಳನ್ನು ಕೇಳಿದರು. ‘ಛತ್ರ ಅಲ್ಲಮ್ಮ, ಸಮುದ್ರದ ದಡ. ಬಾಲಿ ದ್ವೀಪದಲ್ಲಿ ಮಾಡ್ತಿದ್ದೇವೆ. ಹುಡುಗನ ಕಡೆಯವರಿಗೂ ಒಪ್ಪಿಗೆ. ನೀವೆಲ್ಲ ಬರಲೇಬೇಕು’ ಎಂದರು ಅತ್ತೆ.

ಮನೆಯಲ್ಲಿ ಒಂದು ಕ್ಷಣ ಮೌನ. ಏಳನೆಯ ತರಗತಿಯ ಹುಡುಗ ವಿಮಾನ ಹತ್ತುವ ಕನಸಿನಲ್ಲಿ ಕುಣಿದಾಡಿದ. ಅವನ ಅಕ್ಕನ ಮುಖ ಮಾತ್ರ ಚಿಕ್ಕದಾಯಿತು. ಅವಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ.

ಇದು ಊಹೆಯ ಮನೆ. ಆದರೆ ಇಂಥ ಕರೆ ಈಗ ಶ್ರೀಮಂತರ ಬಂಗಲೆಗಳಿಗಷ್ಟೇ ಬರುತ್ತಿಲ್ಲ. ಮಕ್ಕಳ ಶಾಲಾ ಶುಲ್ಕ, ಮನೆ ಸಾಲದ ಕಂತುಗಳ ನಡುವೆ ಸಂಸಾರ ತೂಗಿಸುವ ಮಧ್ಯಮ ವರ್ಗದ ಮನೆಗಳ ಬಾಗಿಲನ್ನೂ ತಟ್ಟುತ್ತಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಳೆಯ ಗಾದೆ. ವಿದೇಶದ ಮದುವೆಗೆ ಹೋಗಿ ನೋಡು ಎಂಬುದನ್ನೂ ಅದಕ್ಕೆ ಸೇರಿಸುವ ಕಾಲ ಬಂದಿದೆ!

ಬಾಲಿಯೇ ಯಾಕೆ?

ಇಂಡೊನೇಷ್ಯದ ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿರುವ ದ್ವೀಪ. ಅಲ್ಲಿನ ಜನರಲ್ಲಿ ಬಹುಪಾಲು ಹಿಂದೂಗಳು. ಬೆಂಗಳೂರಿನಿಂದ ಅಲ್ಲಿನ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಸೇವೆ ಆರಂಭವಾದ ಮೇಲೆ ಕನ್ನಡಿಗರಿಗೆ ದಾರಿ ಇನ್ನಷ್ಟು ಸುಲಭವಾಯಿತು. ನೂರಿನ್ನೂರು ಜನರ ಊಟ, ವಸತಿ, ಮಂಟಪ ಎಲ್ಲವನ್ನೂ ಒಂದೇ ಹೋಟೆಲು ವಹಿಸಿಕೊಳ್ಳುತ್ತದೆ. ಸಾವಿರಾರು ಮಂದಿಗೆ ಎಲೆ ಹಾಕುವ ತಾಪತ್ರಯವಿಲ್ಲ ಎಂಬುದು ಹೆತ್ತವರ ಲೆಕ್ಕ.

ಆದರೆ ಈ ಲೆಕ್ಕದಲ್ಲಿ ಒಂದು ವ್ಯತ್ಯಾಸವಿದೆ. ಊರಿನ ಮದುವೆಗೆ ಕರೆದವರೂ ಬರುತ್ತಾರೆ, ಕರೆದವರ ಜೊತೆಗೆ ಇನ್ನಿಬ್ಬರೂ ಬರುತ್ತಾರೆ. ಬಸ್ಸು ಹತ್ತಿದರೆ ಸಾಕು. ಹೊರದೇಶದ ಮದುವೆಯಲ್ಲಿ ನೆಂಟಸ್ತಿಕೆಯೊಂದೇ ಸಾಲದು. ಪ್ರತಿಯೊಬ್ಬ ನೆಂಟನ ಕೈಯಲ್ಲೂ ಸರ್ಕಾರದ ಪುಸ್ತಕವಿರಬೇಕು. ಆದ್ದರಿಂದ ಸಿದ್ಧತೆ ಸೀರೆ ಅಂಗಡಿಯಲ್ಲಲ್ಲ, ಕಾಗದಪತ್ರದ ಪೆಟ್ಟಿಗೆಯಲ್ಲಿ ಆರಂಭವಾಗಬೇಕು.

ಅಜ್ಜಿಯ ರಹದಾರಿ

‘ನನ್ನ ಮೊಮ್ಮಗಳ ಮದುವೆಗೆ ಹೋಗೋಕೆ ನನಗೇ ರಹದಾರಿ ಬೇಕೇನೋ?’ ಎಂದು ಅಜ್ಜಿ ಮಗನನ್ನು ಕೇಳಿದರು. ಬೇಕೇ ಬೇಕು. ತೊಡಕು ಶುರುವಾಗುವುದೂ ಇಲ್ಲೇ. ಹಿರಿಯರ ಹೆಸರು ಆಧಾರ್ ಚೀಟಿಯಲ್ಲಿ ಒಂದು ತೆರ, ಮತದಾರರ ಗುರುತಿನ ಚೀಟಿಯಲ್ಲಿ ಇನ್ನೊಂದು ತೆರ, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ತೆರ ಇರುವುದು ನಮ್ಮಲ್ಲಿ ಸಾಮಾನ್ಯ. ಹುಟ್ಟಿದ ದಿನವೂ ಹಾಗೆಯೇ. ಇವೆಲ್ಲ ಒಂದಕ್ಕೊಂದು ಹೊಂದುವಂತೆ ತಿದ್ದಿಸಲು ವಾರಗಳೇ ಬೇಕು.

ಕನ್ನಡಿಗರಿಗೆ ಇನ್ನೊಂದು ಪೇಚು ಇನಿಷಿಯಲ್‌ನದು. ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರ ಇಟ್ಟುಕೊಳ್ಳುವುದು ನಮ್ಮ ರೂಢಿ. ಪಾಸ್‌ಪೋರ್ಟಿನಲ್ಲಿ ಅಂಥ ಅಕ್ಷರಗಳನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ವಿಮಾನದ ಟಿಕೆಟಿನಲ್ಲಿಯೂ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರಿಗೆ ಟಿಕೆಟ್ ತೆಗೆಸಿ, ವಿಮಾನ ನಿಲ್ದಾಣದಲ್ಲಿ ಕಣ್ಣು ಬಾಯಿ ಬಿಡುವುದರಲ್ಲಿ ಅರ್ಥವಿಲ್ಲ.

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೇ ಅಲೆಯಬೇಕಾದ ಕಾಲ ಹೋಯಿತೆನ್ನುವುದು ಸಮಾಧಾನ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ನೀಡುವ ಯೋಜನೆ 2017ರ ಜನವರಿಯಲ್ಲಿ ಪ್ರಯೋಗಾರ್ಥವಾಗಿ ಮೊದಲು ಆರಂಭವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಇನ್ನೊಂದು ಗುಜರಾತಿನ ದಾಹೋದ್. ಈಗ ಹಲವು ಜಿಲ್ಲೆಗಳ ಅಂಚೆ ಕಚೇರಿಗಳಲ್ಲಿ ಈ ಸೌಲಭ್ಯವಿದೆ.

ಮಕ್ಕಳ ವಿಷಯದಲ್ಲಿ ತಂದೆತಾಯಂದಿರು ಎರಡು ಸಂಗತಿ ಮರೆಯಬಾರದು. ದೊಡ್ಡವರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ. ಚಿಕ್ಕ ಮಕ್ಕಳದ್ದು ಐದೇ ವರ್ಷ. ಎಂದೋ ಮಾಡಿಸಿದ್ದು ಕಪಾಟಿನಲ್ಲಿದೆ ಎಂಬ ನಂಬಿಕೆಯಲ್ಲಿದ್ದರೆ ಅದು ಅಷ್ಟರಲ್ಲಿ ಮುಗಿದಿರುತ್ತದೆ. ಇನ್ನೊಂದು, ಇಂಡೊನೇಷ್ಯಕ್ಕೆ ಕಾಲಿಡುವ ದಿನ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಐದು ತಿಂಗಳು ಉಳಿದಿದ್ದರೂ ಬೆಂಗಳೂರಿನಲ್ಲೇ ವಿಮಾನ ಹತ್ತಲು ಬಿಡದಿರಬಹುದು. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರುವುದು ಕ್ಷೇಮ.

ವೀಸಾ ಬಾಲಿಗೆ ಇಳಿದ ಮೇಲೂ ಸಿಗುತ್ತದೆ, ಮೊದಲೇ ಅಂತರ್ಜಾಲದಲ್ಲೂ ಪಡೆಯಬಹುದು. ತಲೆಗೆ ಐದು ಲಕ್ಷ ರೂಪಿಯಾ. ಐದು ಲಕ್ಷ ಎಂದು ಗಾಬರಿಯಾಗಬೇಕಿಲ್ಲ. ಅಲ್ಲಿನ ರೂಪಿಯಾ ನಮ್ಮ ರೂಪಾಯಿಗಿಂತ ಬಹಳ ಚಿಕ್ಕದು; ನಮ್ಮ ಲೆಕ್ಕದಲ್ಲಿ ಅದು ಮೂರು ಸಾವಿರ ರೂಪಾಯಿಯ ಆಸುಪಾಸು. ಇದಲ್ಲದೆ 2024ರ ಫೆಬ್ರವರಿ 14ರಿಂದ ಬಾಲಿಗೆ ಬರುವ ವಿದೇಶಿ ಪ್ರವಾಸಿಗರು ತಲಾ ಒಂದೂವರೆ ಲಕ್ಷ ರೂಪಿಯಾ ಶುಲ್ಕ ಕೊಡಬೇಕಾಗಿದೆ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಸುವಾಗ ಒಮ್ಮೆ, ಹೊರಡುವ ವಾರ ಮತ್ತೊಮ್ಮೆ ವಿಚಾರಿಸುವುದು ಲೇಸು.

ಪೆಟ್ಟಿಗೆಯಲ್ಲಿ ಏನಿರಬಾರದು?

ಮದುವೆಯೆಂದ ಮೇಲೆ ಒಣ ಕೊಬ್ಬರಿ, ಕರ್ಪೂರ, ವೀಳ್ಯದೆಲೆ, ಹೂವು ಇಲ್ಲದೆ ಆದೀತೆ? ಆದರೆ ಒಣ ಕೊಬ್ಬರಿಯನ್ನೂ ಕರ್ಪೂರವನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು. ಕೊಬ್ಬರಿಯಲ್ಲೇನು ಅಪಾಯ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ವರ್ತಿಸಿ ಕಾವು ಹುಟ್ಟಿಸುತ್ತದೆ. ಗಾಳಿಯಾಡದಂತೆ ಒತ್ತಿ ತುಂಬಿದ ಕಡೆ ಆ ಕಾವು ಹೊರಗೆ ಹೋಗದೆ ಏರುತ್ತಾ ಹೋಗಿ ಬೆಂಕಿಯಾಗಬಹುದು. ಅದಕ್ಕೇ ಈ ನಿರ್ಬಂಧ. ಹಸಿ ಎಲೆ, ಹಣ್ಣು, ಬೀಜಗಳ ಮೂಲಕ ಸಸ್ಯರೋಗ ಹರಡದಂತೆ ದೇಶಗಳು ತಪಾಸಣೆ ಇಟ್ಟಿರುತ್ತವೆ. ತೆಂಗು, ಬಾಳೆ, ವೀಳ್ಯದೆಲೆ ಬಾಲಿಯಲ್ಲೇ ಬೆಳೆಯುವಾಗ ಊರಿನಿಂದ ಹೊತ್ತೊಯ್ಯುವ ಅಗತ್ಯವಾದರೂ ಏನು?

ಒಡವೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೈಮೇಲಿನ ಚಿನ್ನ ಇಲ್ಲಿಂದಲೇ ಒಯ್ದದ್ದು ಎಂದು ಮರಳಿ ಬರುವಾಗ ತೋರಿಸಬೇಕಾದೀತು. ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಒಡವೆ ತೋರಿಸಿ ಪ್ರಮಾಣಪತ್ರ ಪಡೆದರೆ ಆ ಚಿಂತೆ ಇರದು. ಕಾಸಿನ ಸರ ಮನೆಯಲ್ಲೇ ಉಳಿದರೆ ಇನ್ನೂ ನಿಶ್ಚಿಂತೆ!

ಅಜ್ಜಿಯ ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳಬಾರದು. ಅಂಗಡಿಯ ಹೊದಿಕೆಯಲ್ಲೇ, ವೈದ್ಯರ ಚೀಟಿಯ ಸಹಿತ ಕೈಚೀಲದಲ್ಲಿರಬೇಕು. ಮಾದಕ ವಸ್ತುಗಳ ವಿಚಾರದಲ್ಲಿ ಇಂಡೊನೇಷ್ಯದ ಕಾನೂನು ಬಹು ಕಠಿಣ, ಮರಣದಂಡನೆಯವರೆಗೂ ಹೋಗುತ್ತದೆ. ‘ಇದೊಂದು ಪೊಟ್ಟಣ ಅಲ್ಲಿ ಕೊಟ್ಟುಬಿಡಿ’ ಎಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಇಲ್ಲವೆನ್ನಬೇಕು. ಈ ಮಾತನ್ನು ಹದಿಹರೆಯದ ಮಕ್ಕಳಿಗೂ ಕೂರಿಸಿ ಹೇಳಬೇಕು.

ಮದುವೆಯ ಕಾಗದ

ಕಡಲ ದಂಡೆಯಲ್ಲಿ ಸಪ್ತಪದಿ ತುಳಿದ ಮಾತ್ರಕ್ಕೆ ಅಲ್ಲಿನ ಸರ್ಕಾರದ ವಿವಾಹ ಪ್ರಮಾಣಪತ್ರ ತಾನಾಗಿ ಕೈಗೆ ಬರುವುದಿಲ್ಲ. ಇಂಡೊನೇಷ್ಯದ 1974ರ ವಿವಾಹ ಕಾನೂನಿನಂತೆ ಮದುವೆ ಧರ್ಮದ ವಿಧಿಯಂತೆ ನಡೆಯಬೇಕು, ಬಳಿಕ ನೋಂದಣಿಯಾಗಬೇಕು. ಭಾರತದ 1969ರ ವಿದೇಶಿ ವಿವಾಹ ಕಾಯ್ದೆಯಡಿ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವುದಕ್ಕೂ 30 ದಿನ ಮುಂಚಿತವಾಗಿ ನೋಟಿಸು ಕೊಡಬೇಕು. ಇಷ್ಟು ಓಡಾಟ ಬೇಡವೆಂದು ಹಲವರು ಭಾರತದಲ್ಲೇ ಕಾನೂನಿನ ಮದುವೆ ಮುಗಿಸಿ, ಹೊರದೇಶದಲ್ಲಿ ಸಮಾರಂಭವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ನಾಳೆ ಮಗಳು ಗಂಡನ ಜೊತೆ ಪರದೇಶಕ್ಕೆ ಹೊರಟಾಗ ಕೇಳುವುದು ಫೋಟೊ ಆಲ್ಬಮ್ ಅಲ್ಲ, ಈ ಕಾಗದ. ಹೆತ್ತವರು ಇದನ್ನು ವಕೀಲರ ಬಳಿ ಮೊದಲೇ ವಿಚಾರಿಸಬೇಕು.

ಪಂಚಾಂಗ ಎರಡು

ಈಗ ಎಸ್ಸೆಸ್ಸೆಲ್ಸಿ ಹುಡುಗಿಯ ಮಾತಿಗೆ ಬರೋಣ. ಕರ್ನಾಟಕದಲ್ಲಿ 2025ರ ದ್ವಿತೀಯ ಪಿಯುಸಿ ಪರೀಕ್ಷೆ-1 ಮಾರ್ಚ್ 1ರಿಂದ 20ರವರೆಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ನಡೆದವು. ಅದಕ್ಕೂ ಮುನ್ನ ಪೂರ್ವಸಿದ್ಧತಾ ಪರೀಕ್ಷೆಗಳು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದದ್ದು ನಿಜ. ‘ಇದರಲ್ಲಿ ಬರೆಯದಿದ್ದರೆ ಇನ್ನೊಂದರಲ್ಲಿ ಬರೆದರಾಯಿತು’ ಎನ್ನುವ ನೆಂಟರೂ ಸಿಗುತ್ತಾರೆ. ಆದರೆ ಎಡವಿದವರ ಕೈಹಿಡಿಯಲೆಂದು ಬಂದ ಸೌಲಭ್ಯವದು. ಮದುವೆಗೆ ಹೋಗಿಬರಲು ಕೊಟ್ಟ ರಜೆಯಲ್ಲ.

‘ನಾಲ್ಕೇ ದಿನ ತಾನೆ?’ ಎಂದು ಅತ್ತೆ ಹೇಳಿದರೂ ನಾಲ್ಕು ದಿನ ನಾಲ್ಕಾಗಿಯೇ ಉಳಿಯುತ್ತದೆಂಬ ಖಾತರಿ ಇಲ್ಲ. ಬಾಲಿಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ. ಅದು ಜ್ವಾಲಾಮುಖಿಗಳ ನಾಡು ಕೂಡ. 2017ರ ನವೆಂಬರಿನಲ್ಲಿ ಅಗುಂಗ್ ಪರ್ವತ ಬೂದಿ ಉಗುಳಿದಾಗ ಬಾಲಿಯ ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತ್ತು. 2024ರ ನವೆಂಬರಿನಲ್ಲಿ ದೂರದ ಫ್ಲೋರೆಸ್ ದ್ವೀಪದ ಜ್ವಾಲಾಮುಖಿಯಿಂದಲೂ ಬಾಲಿಯ ವಿಮಾನಗಳು ರದ್ದಾದವು. ಪರೀಕ್ಷೆಯ ಅಂಚಿನಲ್ಲಿ ಇಂಥ ಅಪಾಯ ಮೈಮೇಲೆ ಎಳೆದುಕೊಳ್ಳುವುದೇ?

ಮಾರ್ಚ್‌ಗೆ ಇನ್ನೊಂದು ವಿಶೇಷವಿದೆ. ನಮ್ಮಂತೆ ಬಾಲಿಯ ಹಿಂದೂಗಳಿಗೂ ಶಕ ವರ್ಷವುಂಟು. ಅವರ ಹೊಸ ವರ್ಷದ ಹೆಸರು ‘ನ್ಯೆಪಿ’. 2025ರಲ್ಲಿ ನ್ಯೆಪಿ ಮಾರ್ಚ್ 29ರಂದು, ನಮ್ಮ ಯುಗಾದಿ ಮರುದಿನ. 2026ರಲ್ಲಿ ಎರಡೂ ಮಾರ್ಚ್ 19ರಂದೇ. ಎರಡೂ ಕಡೆ ಶಕ ವರ್ಷ 1948. ನಾವು ಹೋಳಿಗೆ ತಟ್ಟುವ ಹೊತ್ತಿಗೆ ಅವರು ಒಲೆ ಹಚ್ಚುವುದಿಲ್ಲ, ದೀಪ ಬೆಳಗುವುದಿಲ್ಲ, ಕೆಲಸ ಮಾಡುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ. 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲಿನೊಳಗೇ ಇರಬೇಕು. ಮುಹೂರ್ತ ಇಡಿಸುವವರು ನಮ್ಮ ಪಂಚಾಂಗದೊಂದಿಗೆ ಅವರ ಪಂಚಾಂಗವನ್ನೂ ನೋಡಬೇಕೆನ್ನುವುದು ಇದಕ್ಕೇ. ಮಕ್ಕಳ ಪರೀಕ್ಷಾ ವೇಳಾಪಟ್ಟಿ ಮೂರನೆಯದು. ಏಪ್ರಿಲ್ ಅಥವಾ ಮೇ ತಿಂಗಳಾದರೆ ಇಲ್ಲಿ ಬೇಸಿಗೆ ರಜೆ, ಅಲ್ಲಿ ಮಳೆ ಕಡಿಮೆ. ಒಂದು ಮಾತು ಮೊದಲೇ ಕೇಳಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

ಯಾರು ಹೋಗಬೇಕು?

ಆ ಮನೆಯಲ್ಲಿ ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತರು. ತಂದೆ ಕಾಗದದ ಮೇಲೆ ಲೆಕ್ಕ ಹಾಕಿದರು. ಹೋಟೆಲಿನ ಖರ್ಚು ಅತ್ತೆಯವರದು. ವಿಮಾನ, ವೀಸಾ, ವಿಮೆ, ಉಡುಗೊರೆ ತಮ್ಮದು. ಐದು ಜನರೂ ಹೊರಟರೆ ಮಗಳ ಪಿಯುಸಿಗೆಂದು ಕೂಡಿಟ್ಟ ಹಣಕ್ಕೆ ಕೈ ಹಾಕಬೇಕು. ಹಾಗೆಂದು ಯಾರೂ ಹೋಗದಿರಲು ಸಾಧ್ಯವೆ? ವಧುವನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವರೇ.

‘ಅಪ್ಪಾ, ನಾನು ಬರದಿದ್ರೆ ಅತ್ತೆ ಬೇಜಾರು ಮಾಡ್ಕೊಳ್ಳಲ್ವಾ?’ ಎಂದಳು ಮಗಳು. ‘ನಿನಗೆ ಏನನಿಸುತ್ತೆ, ಅದನ್ನು ಹೇಳು ಮಗಳೇ’ ಎಂದರು ತಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗೋಕೆ ಆಸೆ ಇದೆ. ಆದ್ರೆ ಅಲ್ಲಿ ಹೋದ್ರೂ ಗಣಿತದ್ದೇ ಯೋಚನೆ ಆಗುತ್ತೆ’ ಎಂದಳು.

ತಂದೆ, ಅಜ್ಜಿ, ಹುಡುಗ ಹೋಗುವುದೆಂದೂ ತಾಯಿ ಮಗಳೊಡನೆ ಉಳಿಯುವುದೆಂದೂ ನಿಶ್ಚಯವಾಯಿತು. ತಾಯಿಗೂ ಆಸೆ ಇರಲಿಲ್ಲವೆಂದಲ್ಲ. ಅದನ್ನು ಮನೆಯವರು ಮರೆಯಬಾರದು. ತಂದೆಯೇ ತಂಗಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅತ್ತೆ ಮೊದಲು ಮುನಿಸಿಕೊಂಡರು. ಮರುದಿನ ಅವರೇ ಫೋನು ಮಾಡಿ, ‘ಆರತಕ್ಷತೆ ಏಪ್ರಿಲ್‌ನಲ್ಲಿ ಊರಲ್ಲೇ ಇಟ್ಕೋತೀವಿ. ಪರೀಕ್ಷೆ ಮುಗಿಸ್ಕೊಂಡು ಅವಳೇ ಮುಂದೆ ನಿಂತು ಓಡಾಡ್ಲಿ’ ಎಂದರು. ಕರೆದವರಿಗೆ ನೋವಾಗುವುದು ಬಾರದೆ ಇದ್ದುದಕ್ಕಿಂತ, ಕೊನೆಯ ವಾರದಲ್ಲಿ ನೆಪ ಹೇಳಿದ್ದಕ್ಕೆ. ಮೊದಲೇ ಹೇಳಿದ ಇಲ್ಲಕ್ಕೆ ಇಷ್ಟು ಶಕ್ತಿಯಿದೆ.

ಹೋದವರು ತರಬೇಕಾದದ್ದು

ಹೋಗುವ ಮಕ್ಕಳೂ ಹೋಟೆಲಿನ ಈಜುಕೊಳವೊಂದನ್ನೇ ನೋಡಿ ಬರಬಾರದು. ಬಾಲಿಯ ಮನೆ ಮನೆಯ ಮುಂದೆ ದಿನವೂ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ದೇವರಿಗೆ ಅರ್ಪಿಸುತ್ತಾರೆ. ಅದಕ್ಕೆ ‘ಚನಾಂಗ್ ಸಾರಿ’ ಎಂದು ಹೆಸರು. ಹೂವಿನ ಕೆಳಗೆ ಎಲೆ, ಅಡಿಕೆ, ಸುಣ್ಣದ ಸಣ್ಣ ಮಡಿಕೆಯೂ ಇರುತ್ತದೆ. ನಮ್ಮ ತಾಂಬೂಲವೇ! 210 ದಿನಗಳಿಗೊಮ್ಮೆ ಬರುವ ಸರಸ್ವತಿಯ ಹಬ್ಬದಂದು ಅವರು ಪುಸ್ತಕಗಳನ್ನು ಪೂಜೆಗಿಡುತ್ತಾರೆ. ಅಂದು ಓದು ಬರಹ ಮಾಡದಿರುವುದು ಸಂಪ್ರದಾಯ. ನವರಾತ್ರಿಯಲ್ಲಿ ಪಠ್ಯಪುಸ್ತಕವನ್ನು ಪೂಜೆಗಿಟ್ಟು ಒಳಗೊಳಗೇ ಖುಷಿಪಡುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

ಹುಡುಗ ಇಂಥದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಂದರೆ, ಮನೆಯಲ್ಲೇ ಉಳಿದ ಅಕ್ಕನಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೇನಿದೆ? ಅಜ್ಜಿಗಂತೂ ಊರಿಗೆ ಬಂದ ಮೇಲೆ ನೆರೆಹೊರೆಯವರಿಗೆ ಹೇಳಲು ಒಂದು ಮಾತು ಸಿಕ್ಕೇ ಸಿಗುತ್ತದೆ: ‘ಸಮುದ್ರ ದಾಟಿ ಹೋದ್ರೂ ಎಲೆ ಅಡಿಕೆ ತಪ್ಪಲಿಲ್ಲ ನೋಡಿ!’